ಕಂಬದ ಮೇಲಿನ ವಿಮಾನ ಬೇಡ, ಸೂರಿನಡಿಯ ವಿಮಾನ ಕೊಡಿ

ಗೆ,
ಅಧ್ಯಕ್ಷರು ಮತ್ತು ವ್ಯವಸ್ಥಾಪಕ ನಿರ್ದೇಶಕರು,
ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್),
ಬೆಂಗಳೂರು

ಮಾನ್ಯರೆ,

ರಾಯಚೂರಿನಿಂದ ಉತ್ತರಕ್ಕೆ, ಕೃಷ್ಣೆಯ ದಂಡೆಯ ಮೇಲಿರುವ ಶಕ್ತಿನಗರ ನಮ್ಮದು. ಇಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ನಾನು ಅಲ್ಲಿ ಟರ್ಬೈನ್ ವಿಭಾಗದಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ವಿಮಾನ ಕಟ್ಟುವವರಿಗೆ ಪತ್ರ ಬರೆಯಲು ನನಗೆ ಧೈರ್ಯ ಕೊಟ್ಟವರು ನನ್ನ ಸೋದರಮಾವ.

ಮಾವ ಮಾನ್ವಿಯವರು. 1962ರಲ್ಲಿ ತಮ್ಮ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ಮುಂದೆ ಮಾರುತ್ ಯುದ್ಧವಿಮಾನದ ಮೈಗೆ ರಿವೆಟ್ ಹೊಡೆದವರು. ರಜೆಗೆ ಊರಿಗೆ ಬಂದಾಗ ಬೇವಿನ ಕಟ್ಟೆಯ ಮೇಲೆ ಕೂತು ಹುಡುಗರಿಗೆ ಅದೇ ಕತೆ. ಒಂದು ರಿವೆಟ್‌ಗೆ ಇಬ್ಬರು ಬೇಕು. ಹೊರಗೊಬ್ಬ ಗನ್ ಹಿಡಿಯುತ್ತಾನೆ, ಒಳಗೆ ಇಕ್ಕಟ್ಟಿನಲ್ಲಿ ಮುದುಡಿ ಕೂತವನು ಡಾಲಿ ಎಂಬ ಉಕ್ಕಿನ ತುಂಡನ್ನು ಆನಿಸಿ ಹಿಡಿಯುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ತಗಡು ತಟ್ಟಿಯೇ ಮಾತು: ಒಂದು ತಟ್ಟಿದರೆ ಇನ್ನಷ್ಟು ಹೊಡಿ, ಎರಡು ತಟ್ಟಿದರೆ ಸರಿಯಾಯಿತು. ಕೆಲವು ಜಾತಿಯ ರಿವೆಟ್‌ಗಳನ್ನು ಕಾಯಿಸಿ, ತಣಿಸಿ, ಮಂಜುಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರಂತೆ. ಹೊರಗೆ ತೆಗೆದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಹೊಡೆದು ಮುಗಿಸಬೇಕು, ತಡವಾದರೆ ಗಟ್ಟಿಯಾಗಿ ತಲೆ ಸೀಳುತ್ತದೆ. ಮಾನ್ವಿಯ ಬಿಸಿಲಲ್ಲಿ ಆ ಮಂಜುಪೆಟ್ಟಿಗೆಯ ಮಾತು ಕೇಳಿದ್ದು ನನಗಿನ್ನೂ ನೆನಪಿದೆ. ನಾನು ಫಿಟ್ಟರ್ ಆದದ್ದೇ ಆ ಕತೆಗಳಿಂದ.

ಮಾವನಿಗೆ ಈಗ ಎಂಬತ್ತು ದಾಟಿದೆ. ಅವರ ಜೊತೆ ಕೆಲಸ ಮಾಡಿದವರಲ್ಲಿ ಬಹಳ ಮಂದಿ ಇಲ್ಲ. ಈ ಪತ್ರಕ್ಕೆ ಅದೇ ಕಾರಣ.

ಹಳೆಯ ವಿಮಾನಗಳಿಗೆ ಮತ್ತೆ ಜೀವ ಕೊಡುವ ಕೆಲಸ ತಮ್ಮ ಸಂಸ್ಥೆಗೆ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಎಂಟೇ ವರ್ಷಕ್ಕೆ ಅದು ಮಾಡಿದ ಒಂದು ಕೆಲಸ ಲೋಕದ ವಿಮಾನ ಚರಿತ್ರೆಯಲ್ಲಿ ಉಳಿದಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್‌ನ ಅಮೆರಿಕದ ಬಾಂಬರ್‌ಗಳು ರಾಶಿ ಬಿದ್ದಿದ್ದವು. ಬ್ರಿಟಿಷರು ಹೋಗುವಾಗ ಅವು ಮತ್ತೆ ಹಾರಬಾರದೆಂದೇ ಕೆಡಿಸಿ ಹೋಗಿದ್ದರು. ತಮ್ಮವರು ಆ ರಾಶಿಗೆ ಕೈ ಹಾಕಿದರು. ಒಂದರ ಅಂಗ ಇನ್ನೊಂದಕ್ಕೆ ಕೂಡಿಸಿ, ಬೆಂಗಳೂರು ಮುಟ್ಟುವಷ್ಟು ಮಟ್ಟಿಗೆ ರಿಪೇರಿ ಮಾಡಿದರು. ಅವನ್ನು ಅಲ್ಲಿಂದ ಹಾರಿಸಿಕೊಂಡು ಬಂದವರು ಸಂಸ್ಥೆಯ ಪೈಲಟ್ ಜಮ್ಶೆಡ್ ಮುನ್ಶಿ. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ, ಪೂರ್ತಿ ಕಟ್ಟಿ, ಸುಮಾರು 40 ವಿಮಾನಗಳನ್ನು ವಾಯುಪಡೆಗೆ ಒಪ್ಪಿಸಿದರು. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಹುಟ್ಟಿದ್ದೇ ಈ ವಿಮಾನಗಳಿಂದ. 20 ವರ್ಷ, 1968ರವರೆಗೆ, ಅವು ದೇಶದ ಸೇವೆ ಮಾಡಿದವು.

ಅಷ್ಟು ಹೊತ್ತಿಗೆ ಬೇರೆ ದೇಶಗಳಲ್ಲಿ ಲಿಬರೇಟರ್ ಹೆಚ್ಚುಕಡಿಮೆ ಗುಜರಿಗೆ ಹೋಗಿ ಮುಗಿದಿತ್ತು. ಯುದ್ಧದಲ್ಲಿ 18,000ಕ್ಕೂ ಹೆಚ್ಚು ತಯಾರಾಗಿದ್ದ ವಿಮಾನಕ್ಕೆ ಮ್ಯೂಸಿಯಂನಲ್ಲಿ ನಿಲ್ಲಿಸಲು ಒಂದು ಬೇಕಾದರೆ ಭಾರತದ ಕಡೆ ನೋಡಬೇಕಾಯಿತು. ಒಂದು ಕೆನಡಾಕ್ಕೆ ಹೋಯಿತು. ಒಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸೇರಿತು. ಇನ್ನೊಂದು 1969ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟಕ್ಸನ್ ಊರಿಗೆ ಹಾರಿಕೊಂಡೇ ಹೋಯಿತು, ಇವತ್ತು ಪೀಮಾ ಮ್ಯೂಸಿಯಂನಲ್ಲಿ ಸೂರಿನಡಿ ನಿಂತಿದೆ. ಅದನ್ನು ನೋಡಲು ಬರುವ ಜನರ ಕಣ್ಣೆದುರು ಇರುವುದು ಬೆಂಗಳೂರಿನ ಕಾರ್ಮಿಕರ ಕೈಕೆಲಸವೂ ಹೌದು. ಆ ಕಾರ್ಮಿಕರಲ್ಲಿ ಒಬ್ಬರ ಹೆಸರಾದರೂ ನಮ್ಮ ಮಕ್ಕಳಿಗೆ ಗೊತ್ತಿದೆಯೇ? ಕೆಡಿಸಿಟ್ಟ ಎಂಜಿನ್‌ಗಳನ್ನು ಯಾವ ಕ್ರಮದಲ್ಲಿ ಬಿಚ್ಚಿದರು, ಇಲ್ಲದ ಬಿಡಿಭಾಗಕ್ಕೆ ಏನು ಮಾಡಿದರು, ಯಾವ ಮೇಸ್ತ್ರಿ ಯಾವ ಉಪಾಯ ಹೂಡಿದ? ವಿಮಾನ ಉಳಿದಿದೆ. ಅದನ್ನು ಉಳಿಸಿದ ವಿದ್ಯೆ ಎಲ್ಲಿದೆ ಎಂದು ಕೇಳಿದರೆ ಮಾವನೂ ತಲೆ ಆಡಿಸುತ್ತಾರೆ. ಅವರು ಸೇರುವ ಹೊತ್ತಿಗೆ ಆ ತಲೆಮಾರು ನಿವೃತ್ತಿಯ ಅಂಚಿಗೆ ಬಂದಿತ್ತು.

ರಾಯಚೂರು ಕೋಟೆಗೆ ತಾವು ಬಂದರೆ ಒಂದು ಕಲ್ಲು ತೋರಿಸುತ್ತೇನೆ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲು, ಮೈಮೇಲೆ 1294ರ ಶಾಸನ. ಶಾಸನ ಹಾಕಿಸಿದವರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಕಲ್ಲನ್ನು ಕಲ್ಲುಗಣಿಯಿಂದ ಕೋಟೆಗೆ ಹೇಗೆ ಸಾಗಿಸಿದರೆಂಬ ಚಿತ್ರವನ್ನೂ ಕೊರೆದಿಟ್ಟರು: ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆ ಸಾಲು, ಗಾಲಿಗೆ ಸನ್ನೆಕೋಲು ಕೊಟ್ಟು ನೂಕುವ ಆಳುಗಳು. ಏಳು ನೂರು ವರ್ಷ ಆದ ಮೇಲೂ ನನ್ನಂಥ ಫಿಟ್ಟರ್ ಅದರ ಮುಂದೆ ನಿಂತು, ಭಾರ ಎಲ್ಲಿ ಬಿತ್ತು, ಬಲ ಎಲ್ಲಿ ಕೊಟ್ಟರು ಎಂದು ಲೆಕ್ಕ ಹಾಕಬಹುದು. ಲಿಬರೇಟರ್ ಕಟ್ಟಿದವರ ಚಿತ್ರವನ್ನು ಹೀಗೆ ಯಾರೂ ಕೊರೆದಿಡಲಿಲ್ಲ. ಮಾರುತ್, ಎಚ್‌ಟಿ-2, ಪುಷ್ಪಕ್, ಕಿರಣ್ ವಿಮಾನಗಳನ್ನು ಕಟ್ಟಿದವರದ್ದಾದರೂ ಆಗಲಿ ಎಂಬುದು ನನ್ನ ಮೊದಲ ಕೋರಿಕೆ.

ಈ ಹೆಸರುಗಳು ಬರೀ ಹೆಸರುಗಳಲ್ಲ. ಡಾ. ವಿ. ಎಂ. ಘಾಟಗೆಯವರು ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ಹಾರಿಸಿದವರು ಅದೇ ಮುನ್ಶಿ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರ್‌ಗಳ ಜೊತೆ ಮಾರುತ್ ರೂಪಿಸಿದರು. ಜೆಟ್ ಕಟ್ಟುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ, ಆಕಾಶದಲ್ಲಿ ಬಿಟ್ಟು ನೋಡಿದರು. 1961ರ ಜೂನ್‌ನಲ್ಲಿ ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್ ಹಾರಿಸಿದರು, 1970ರ ಜನವರಿಯಲ್ಲಿ ಮಾರುತ್‌ನ ಒಂದು ಹೊಸ ಮಾದರಿಯ ಪರೀಕ್ಷೆಯಲ್ಲೇ ಪ್ರಾಣ ಬಿಟ್ಟರು. ಒಟ್ಟು 147 ಮಾರುತ್‌ಗಳು ತಯಾರಾದವು. ಒಂದು ಜರ್ಮನಿಯ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ಮ್ಯೂಸಿಯಂನಲ್ಲೂ ಇದೆ. ಬೆಂಗಳೂರಿನಲ್ಲಿ 2001ರಲ್ಲಿ ತಾವು ತೆರೆದ ವಸ್ತುಸಂಗ್ರಹಾಲಯಕ್ಕೆ ನಾನು ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಾರುತ್ ಮುಂದೆ ನಿಂತು, ಇದರಲ್ಲಿ ನಿಮ್ಮ ಮಾವ ಹೊಡೆದ ರಿವೆಟ್ ಯಾವುದು ಎಂದು ಅವಳು ಕೇಳಿದಳು.

ಈಗ ನೋವಿನ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಉದ್ಯಾನದಲ್ಲಿ ನಿವೃತ್ತ ಯುದ್ಧವಿಮಾನವೊಂದನ್ನು ಕಂಡೆ. ಊರಿನ ಹೆಸರು ಬೇಡ, ಅಂಥ ಊರುಗಳು ದೇಶದ ತುಂಬ ಇವೆ. ಕಾಂಕ್ರೀಟ್ ಕಂಬದ ಮೇಲೆ ಮೂಗು ಎತ್ತಿ ನಿಲ್ಲಿಸಿದ್ದರು. ಗೋಡೆಗೆ ಬಳಿಯುವ ಬಣ್ಣವನ್ನು ಪದರದ ಮೇಲೆ ಪದರ ಬಳಿದಿದ್ದರು. ಕಾಕ್‌ಪಿಟ್‌ನ ಮುಚ್ಚಳ ಹಳದಿಗಟ್ಟಿ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. ಗಾಳಿ ಹೋಗುವ ಬಾಯಲ್ಲಿ ಪಾರಿವಾಳದ ಗೂಡು. ಹತ್ತಿರ ಹೋಗಿ ಹೊಟ್ಟೆಯ ಕೆಳಗೆ ನೋಡಿದರೆ, ಮಳೆನೀರು ಬಸಿದು ಹೋಗಲು ಕಟ್ಟಿದವರು ಬಿಟ್ಟಿದ್ದ ತೂತುಗಳೆಲ್ಲ ಬಣ್ಣ ತುಂಬಿ ಮುಚ್ಚಿಹೋಗಿದ್ದವು. ಕೋಲಿನಿಂದ ತಟ್ಟಿದೆ. ಒಳಗೆ ನೀರು ನಿಂತ ಸದ್ದು.

ಲೋಹದ ಜೊತೆ ಬದುಕಿದವನಿಗೆ ಆ ಸದ್ದು ಏನು ಹೇಳುತ್ತದೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ವಿಮಾನದ ಮೈ ಅಲ್ಯೂಮಿನಿಯಂನದು, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ ಎಂದು ಜನ ನಿಶ್ಚಿಂತೆಯಿಂದ ಇರುತ್ತಾರೆ. ಅದು ಶುದ್ಧ ಅಲ್ಯೂಮಿನಿಯಂ ಅಲ್ಲ, ಗಟ್ಟಿಯಾಗಲೆಂದು ತಾಮ್ರ ಬೆರೆಸಿದ ಮಿಶ್ರಲೋಹ. ಆ ತಾಮ್ರವೇ ತೇವಕ್ಕೆ ಅದನ್ನು ದುರ್ಬಲಗೊಳಿಸುತ್ತದೆ. ಅದಕ್ಕೆಂದೇ ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಕೊಟ್ಟಿರುತ್ತಾರೆ. ಹೊಸ ಬಣ್ಣ ಬಳಿಯುವವನು ಉಪ್ಪುಕಾಗದ ಹಿಡಿದು ಬಲವಾಗಿ ಉಜ್ಜಿದರೆ ಆ ಹೊದಿಕೆ ಹೋಯಿತು. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗುವ ಕಡೆ ನೀರು ನಿಂತರೆ ಬೋಲ್ಟಿನ ಸುತ್ತ ಲೋಹ ಬಿಳಿ ಪುಡಿಯಾಗುತ್ತದೆ. ಒಳಗಿನ ದಪ್ಪ ಅಂಗಗಳು ಹಳೆಯ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಉಬ್ಬುತ್ತವೆ. ಹೊರಗಿನ ಬಣ್ಣ ಮಿರಮಿರ ಮಿಂಚುತ್ತಿರುವಾಗಲೇ ಒಳಗೆ ಇದೆಲ್ಲ ನಡೆದಿರುತ್ತದೆ. ಹಕ್ಕಿಯ ಹಿಕ್ಕೆಯೂ ಲೋಹ ತಿನ್ನುತ್ತದೆ. ಚಕ್ರದ ಮೆಗ್ನೀಷಿಯಂ ಎರಕ ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ಆದ್ದರಿಂದ ವಿಮಾನವನ್ನು ಕಂಬಕ್ಕೆ ಏರಿಸುವುದು ಗೌರವ ಎಂದು ನನಗೆ ಅನ್ನಿಸುವುದಿಲ್ಲ. ಕೈಗೆಟುಕದ ಎತ್ತರದಲ್ಲಿ ಇಟ್ಟರೆ ತೊಳೆಯುವವರಿಲ್ಲ, ಮುಟ್ಟಿ ನೋಡುವವರಿಲ್ಲ. ನಿವೃತ್ತ ವಿಮಾನ ಬೇಕೆಂದು ಕೇಳುವ ಊರುಗಳು ಇನ್ನು ಹೆಚ್ಚಲಿವೆ; 2025ರ ಸೆಪ್ಟೆಂಬರ್ 26ರಂದು ಮಿಗ್-21 ಕೂಡ ಸೇವೆಯಿಂದ ಇಳಿಯಿತು. ಕೊಡುವ ತೀರ್ಮಾನ ವಾಯುಪಡೆಯದು, ನನಗೆ ಗೊತ್ತು. ಆದರೆ ತಾವು ಕಟ್ಟಿದ ವಿಮಾನವನ್ನು ಹೇಗೆ ನೋಡಿಕೊಳ್ಳಬೇಕೆಂದು ತಮಗಿಂತ ಅಧಿಕಾರದಿಂದ ಹೇಳಬಲ್ಲವರು ಯಾರು? ಎಲ್ಲಿ ಜ್ಯಾಕ್ ಕೊಡಬೇಕು, ಯಾವ ತೂತು ತೆರೆದಿರಬೇಕು, ಏನನ್ನು ಉಜ್ಜಬಾರದು ಎಂದು ಕನ್ನಡದಲ್ಲಿ, ಹಿಂದಿಯಲ್ಲಿ ಒಂದು ಕೈಪಿಡಿ ಮಾಡಿ ವಿಮಾನದ ಜೊತೆಗೇ ಕೊಡಿಸಿ. ಉದ್ಯಾನದ ಮಾಲಿಯೂ ಓದುವಂತಿರಲಿ.

ಇನ್ನು ನಮ್ಮ ಜಿಲ್ಲೆಯ ಮಾತು. ಕಿರಣ್ ಜೆಟ್ ತಮ್ಮದೇ ಕೂಸು, 1964ರಲ್ಲಿ ಮೊದಲು ಹಾರಿದ್ದು. ವಾಯುಪಡೆಯ ವೈಮಾನಿಕ ಪ್ರದರ್ಶನದ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಬೀದರ್‌ನಲ್ಲಿ, ಅದೇ ಕಿರಣ್ ವಿಮಾನಗಳಿಂದ. ಕಲ್ಯಾಣ ಕರ್ನಾಟಕದ ಆಕಾಶಕ್ಕೆ ಅದಕ್ಕಿಂತ ಹತ್ತಿರದ ವಿಮಾನ ಬೇರೆ ಇಲ್ಲ. ಸೇವೆ ಮುಗಿಸಿದ ಒಂದು ಕಿರಣ್ ಅನ್ನು ರಾಯಚೂರು ಜಿಲ್ಲೆಗೆ ಕೊಡಿಸಲು ತಾವು ವಾಯುಪಡೆಗೆ ಶಿಫಾರಸು ಮಾಡಬೇಕು. ನಮ್ಮ ಐಟಿಐ, ಪಾಲಿಟೆಕ್ನಿಕ್ ಹುಡುಗ ಹುಡುಗಿಯರು ಅದನ್ನು ಬಿಚ್ಚಿ, ತೊಳೆದು, ಗುರುತು ಹಾಕಿ, ಮತ್ತೆ ಕೂಡಿಸಲಿ. ತಮ್ಮ ನಿವೃತ್ತ ಕೆಲಸಗಾರರು ವರ್ಷಕ್ಕೆ ಕೆಲವು ವಾರ ಬಂದು ಕಲಿಸಲಿ. ಆಪತ್ತಿನಲ್ಲಿ ಪೈಲಟ್ ಅನ್ನು ಹೊರಗೆಸೆಯುವ ಆಸನದ ಸಿಡಿಮದ್ದು ತೆಗೆಯುವಂಥ ಅಪಾಯದ ಕೆಲಸಗಳನ್ನು ಮೊದಲೇ ಬಲ್ಲವರು ಮುಗಿಸಿರಬೇಕು. ವಿಮಾನವನ್ನು ಮತ್ತೆ ಹಾರಿಸುವ ಆಸೆ ನಮಗಿಲ್ಲ. ಹಾರಿಸಬೇಕೆಂದರೆ ಹಳೆಯದನ್ನೆಲ್ಲ ಬದಲಿಸುತ್ತ ಹೋಗಬೇಕು, ಕೊನೆಗೆ ಮೂಲದ್ದು ಎಷ್ಟು ಉಳಿಯಿತೆಂದು ಹೇಳುವುದು ಕಷ್ಟ. ಟರ್ಬೈನ್ ಓವರ್‌ಹಾಲ್‌ನಲ್ಲಿ ನಾವು ಪ್ರತಿ ಬೋಲ್ಟಿಗೆ ನಂಬರ್ ಹೊಡೆದು, ಬಿಚ್ಚಿದ ಕ್ರಮದಲ್ಲೇ ಚಾಪೆಯ ಮೇಲೆ ಜೋಡಿಸುತ್ತಿದ್ದೆವು. ಇಲ್ಲೂ ಹಾಗೇ, ಬದಲಿಸಿದ ಅಂಗಕ್ಕೆ ಬದಲಿಸಿದ್ದೆಂಬ ಗುರುತು ಇರಬೇಕು, ತೆಗೆದದ್ದನ್ನು ಎಸೆಯದೆ ಪೆಟ್ಟಿಗೆಯಲ್ಲಿ ಇಡಬೇಕು.

ಕೌಶಲ ನಮ್ಮಲ್ಲಿದ್ದೂ ಕೆಲಸ ಹೊರಗೆ ಹೋಗುವುದು ನನಗೆ ಸಂಕಟ ತರುತ್ತದೆ. ವಾಯುಪಡೆಯ ಹಳೆಯ ವಿಮಾನಗಳ ತಂಡಕ್ಕೆ 2018ರಲ್ಲಿ ಬಂದ ಡಕೋಟಾ, 'ಪರಶುರಾಮ', ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ಅವರು ತಮ್ಮ ಡಕೋಟಾ ಪೈಲಟ್ ತಂದೆಯ ಗೌರವಕ್ಕೆ ಕೊಟ್ಟದ್ದು. ಅದ್ಭುತವಾದ ಕೊಡುಗೆ. ಆದರೆ ಅದಕ್ಕೆ ಜೀವ ಬಂದದ್ದು ಬ್ರಿಟನ್ನಿನ ಕಾರ್ಯಾಗಾರದಲ್ಲಿ. ಲಿಬರೇಟರ್ ಎಬ್ಬಿಸಿ ನಿಲ್ಲಿಸಿದ ಬೆಂಗಳೂರಿನಲ್ಲಿ ಮುಂದಿನ ಡಕೋಟಾಕ್ಕೆ ಜಾಗ ಇರಬೇಕು.

ರಾಯಚೂರೇ ಏಕೆ ಎಂದು ತಾವು ಕೇಳಬಹುದು. ಟಕ್ಸನ್ ಮರುಭೂಮಿಯ ಊರು. ಅಮೆರಿಕ ತನ್ನ ಹಳೆಯ ಸೇನಾ ವಿಮಾನಗಳನ್ನು ಸಾವಿರಗಟ್ಟಲೆ ಅದರ ಪಕ್ಕದ ಬಯಲಿನಲ್ಲಿ ಇಡುವುದು ಒಣಗಾಳಿಯಲ್ಲಿ ಲೋಹ ಬೇಗ ಕೆಡುವುದಿಲ್ಲ ಎಂದೇ. ನಮ್ಮ ಜಿಲ್ಲೆಯೂ ಮಳೆ ಕಡಿಮೆಯ ಸೀಮೆ. ಬರಗಾಲಕ್ಕೆ ಹೆಸರಾದ ಈ ಸೀಮೆಯ ಒಣಗಾಳಿ ಹಳೆಯ ವಿಮಾನದ ಪಾಲಿಗೆ ಔಷಧ. ಬಿಸಿಲು ಮಾತ್ರ ಶತ್ರು, ಅದಕ್ಕೆ ಒಂದು ಶೆಡ್ ಸಾಕು. ಶಕ್ತಿನಗರದಲ್ಲೇ ಇಡಿ ಎಂದು ನಾನು ಕೇಳುತ್ತಿಲ್ಲ. ಇಲ್ಲಿ ಹಾರುಬೂದಿ ಇದೆ; ಸಂದಿಗೊಂದಿಯಲ್ಲಿ ಕೂತು ತೇವ ಹಿಡಿದಿಡುತ್ತದೆ. ಮಾನ್ವಿಯ ಕಾಲುವೆ ಕೆಳಗಿನ ಭತ್ತದ ಗದ್ದೆಗಳ ನಡುವೆಯೂ ಬೇಡ. ಹೊಗೆಕೊಳವೆಗಳಿಗೆ ದೂರವಾಗಿ ದೇವದುರ್ಗದ ಕಡೆ ಎರೆನೆಲವಲ್ಲದ, ಒಣ, ಗಟ್ಟಿ ಜಾಗ ನೋಡಿದರೆ ಸರಿ. ಜಾಗ, ಶೆಡ್ಡಿಗಾಗಿ ಜಿಲ್ಲಾಧಿಕಾರಿಗಳನ್ನೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೂ ಕೇಳುವ ಓಡಾಟ ನಾವು ನಿವೃತ್ತರು ಮಾಡುತ್ತೇವೆ. ಕಾಲಿನಲ್ಲಿ ಇನ್ನೂ ಶಕ್ತಿ ಇದೆ.

ವಿಮಾನಕ್ಕೆ ಕಾಗದಪತ್ರ ಓಡಾಡಲು ವರ್ಷಗಳು ಹಿಡಿಯಬಹುದು, ಕಾಯುತ್ತೇವೆ. ಕಾಯಲಾರದ ಕೆಲಸ ಒಂದೇ. ಈ ದೀಪಾವಳಿಯೊಳಗೆ ಒಬ್ಬರನ್ನು ಕ್ಯಾಮೆರಾ ಸಮೇತ ಮಾನ್ವಿಗೆ ಕಳಿಸಿಕೊಡಿ. ಮಾವನ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಆದರೆ ಹೋದ ವಾರ ಎರಡು ತಗಡು ಕೊಟ್ಟು ತೋರಿಸಿ ಎಂದಾಗ, ಒಂದು ತಟ್ಟು, ಎರಡು ತಟ್ಟು, ಒಂದೂ ತಪ್ಪಲಿಲ್ಲ. ಅವರ ಡಾಲಿ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಬರುವವರ ಕೈಗೆ ಅದನ್ನು ಒಪ್ಪಿಸಬೇಕೆಂದು ಮಾವ ಹೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಟರ್ಬೈನ್ ಫಿಟ್ಟರ್,
ಶಕ್ತಿನಗರ, ರಾಯಚೂರು ಜಿಲ್ಲೆ