ಹಕ್ಕಿಲ್ಲದವರು ಯಾರು?

ನಮ್ಮ ಶಾಲೆಯ ಇತಿಹಾಸ ಪುಸ್ತಕಗಳಲ್ಲಿ 'ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ' ಎಂಬುದೊಂದು ಮಾತು ತಲೆಮಾರುಗಳಿಂದ ಬೇರುಬಿಟ್ಟು ಕುಳಿತಿದೆ. ಅದನ್ನು ಲಾರ್ಡ್ ಡಾಲ್‌ಹೌಸಿಯ ಹೆಸರಿಗೆ ಕಟ್ಟಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯಿಸಿ, ನಾವು ಕೃತಾರ್ಥರಾಗುತ್ತೇವೆ. ಈ ಹೆಸರು ತಪ್ಪು. ತಪ್ಪಷ್ಟೇ ಅಲ್ಲ, ಕಳ್ಳನ ಪರವಾಗಿ ನುಡಿಯುವ ಸಾಕ್ಷಿಯಂಥದು. ಅದನ್ನು ಕನ್ನಡದಿಂದ ಕಿತ್ತೊಗೆಯಬೇಕೆಂಬುದೇ ನನ್ನ ವಾದ.

ಮೊದಲು ಕಾಲದ ಮಾತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜರು ತೀರಿಕೊಂಡದ್ದು 1824ರ ಸೆಪ್ಟೆಂಬರಿನಲ್ಲಿ. ಅವರು ದತ್ತಕ ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ; ಭಂಡಾರಕ್ಕೆ ಕಾವಲು ಹಾಕಿದ. ಅಕ್ಟೋಬರ್ 23ರ ಕಾದಾಟದಲ್ಲಿ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದರು. ಕಿತ್ತೂರು ಬಿದ್ದಾಗ ಡಾಲ್‌ಹೌಸಿ 12 ವರ್ಷದ ಬಾಲಕ!

ಇನ್ನು ಹಕ್ಕಿನ ಮಾತು. ನಮ್ಮ ಶಾಸ್ತ್ರವೂ ರೂಢಿಯೂ ದತ್ತಕ ಮಗನನ್ನು ಮನೆಯ ವಾರಸುದಾರನೆಂದೇ ಎಣಿಸಿವೆ. ಡಾಲ್‌ಹೌಸಿಯೂ ಇದನ್ನು ಅಲ್ಲಗಳೆಯಲಿಲ್ಲ. ದತ್ತಕನಿಗೆ ಖಾಸಗಿ ಆಸ್ತಿ ಸಲ್ಲಲಿ, ತಮ್ಮ ಅನುಮತಿಯಿಲ್ಲದೆ ರಾಜ್ಯ ಮಾತ್ರ ಸಲ್ಲದು ಎಂಬುದು ಆತನ ವಾದ. ಅಂದಮೇಲೆ ಆಸ್ತಿಗೆ ಮಗನಾದವನು ಗಾದಿಗೆ ಮಾತ್ರ ಪರಕೀಯ! ಲೂಟಿ ಮಾಡಿದವನೂ ಇಷ್ಟು ಸಾರಾಸಗಟಾಗಿ ಆಡದ 'ಹಕ್ಕಿಲ್ಲ' ಎಂಬ ಮಾತನ್ನು ನಾವು ಅವನ ಪರವಾಗಿ ಆಡುತ್ತಿದ್ದೇವೆ.

'ಆಂಗ್ಲರು ತಮ್ಮ ದೇಶದ ಕಾಯಿದೆಯನ್ನೇ ಇಲ್ಲಿಯೂ ನಡೆಸಿದರು' ಎನ್ನುವ ಪಂಡಿತರಿದ್ದಾರೆ. ಆ ಕಾಯಿದೆಯನ್ನೂ ನೋಡೋಣ. ಇಂಗ್ಲೆಂಡಿನಲ್ಲಿ ದತ್ತಕಕ್ಕೆ ಕಾಯಿದೆಯ ಮನ್ನಣೆ ದೊರೆತದ್ದು 1926ರಲ್ಲಿ. ಇಂದಿಗೂ ಅಲ್ಲಿ ದತ್ತಕ ಮಗ ತಂದೆಯ ಲಾರ್ಡ್ ಪದವಿಗೆ ವಾರಸುದಾರನಾಗಲಾರ. ನಿಜ. ಆದರೆ ಅಲ್ಲಿ ಪದವಿ ದೊರೆಯ ಕೊಡುಗೆ. ಯಾರ ನಂತರ ಯಾರಿಗೆ ಎಂಬುದನ್ನು ಸಾಮಾನ್ಯವಾಗಿ ಕೊಡುವಾಗಲೇ ಬರೆದಿಟ್ಟಿರುತ್ತಾರೆ. ಡಾಲ್‌ಹೌಸಿಯ ಮನೆಯನ್ನೇ ನೋಡಿರಿ. ಪಂಜಾಬನ್ನು ನುಂಗಿದ್ದಕ್ಕೆ 1849ರಲ್ಲಿ ಮಾರ್ಕ್ವಿಸ್ ಪದವಿ ಬಂದಿತು. 1860ರಲ್ಲಿ ಆತ ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳಿದ್ದರು, ಗಂಡು ಸಂತಾನವಿರಲಿಲ್ಲ. ಆ ಪದವಿ ಅಲ್ಲಿಗೇ ನಂದಿತು. ಸಾತಾರಾ, ನಾಗಪುರ, ಝಾನ್ಸಿಗಳ ಗಾದಿ ಕಿತ್ತವನ ಪದವಿಗೇ ವಾರಸುದಾರನಿಲ್ಲ! ಆದರೂ ಹಳೆಯ ಅರ್ಲ್ ಪದವಿಗೆ ದಾಯಾದಿ ಫಾಕ್ಸ್ ಮೌಲ್ ಬಂದ. ಯಾವ ಕಲೆಕ್ಟರನೂ ಹೋಗಿ ಅವರ ಭಂಡಾರಕ್ಕೆ ಕಾವಲು ಹಾಕಲಿಲ್ಲ.

ಕಿತ್ತೂರಿನ ದೇಸಗತಿ ಆಂಗ್ಲರು ಕೊಟ್ಟದ್ದೇ? ಅವರು ಈ ಸೀಮೆಗೆ ಕಾಲಿಡುವ ಮೊದಲೇ ಆಳುತ್ತಿದ್ದ ಮನೆತನವದು. 1818ರಲ್ಲಿ ಪೇಶ್ವೆಯ ರಾಜ್ಯ ಮುಳುಗಿ ಮೇಲಧಿಕಾರ ಕೈಗೆ ಬಂದ ಮಾತ್ರಕ್ಕೆ, ತಾವು ಕೊಡದುದನ್ನು ಮರಳಿ ಪಡೆಯುವ ಹಕ್ಕು ಅವರಿಗೆ ಎಲ್ಲಿಂದ ಬಂದಿತು?

ಕಾಯಿದೆಯೇ ಆಗಿದ್ದರೆ ಅದು ಎಲ್ಲರಿಗೂ ಒಂದೇ ಆಗಿರಬೇಕಿತ್ತು. ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿ ಸಿಗಲಿಲ್ಲ. ಸಿಡಿದೆದ್ದ ಅವರನ್ನು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಮಾಡಿಕೊಂಡ ದತ್ತಕವನ್ನಾದರೋ 1867ರಲ್ಲಿ ಒಪ್ಪಿದರು. ನಡುವೆ ಧರ್ಮಶಾಸ್ತ್ರವೇನೂ ಬದಲಾಗಿರಲಿಲ್ಲ. 1857ರ ಬೆಂಕಿ ಆಳುವವರಿಗೆ ಬುದ್ಧಿ ಕಲಿಸಿತ್ತು.

ಅರಸೊತ್ತಿಗೆಗಾಗಿ ನಾನು ಕಣ್ಣೀರು ಸುರಿಸುತ್ತಿಲ್ಲ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜರ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಗೊಳಿಸಿತು; ಒಳ್ಳೆಯದೇ ಆಯಿತು. ಅದನ್ನು ಮಾಡಿದವರು ನಾವು ಆರಿಸಿ ಕಳಿಸಿದವರು. ಕಲೆಕ್ಟರನ ಕಾವಲಿಗೂ ಪ್ರಜೆಗಳ ಮತಕ್ಕೂ ಅಜಗಜಾಂತರವಿದೆ.

ಹಾಗಾದರೆ ಏನೆನ್ನಬೇಕು? ಹೊಸ ಪದ ಟಂಕಿಸಬೇಕಾಗಿಲ್ಲ. ನಮ್ಮ ಭಾಗದ ಹಿರಿಯರ ಬಾಯಲ್ಲಿ 'ಸಂಸ್ಥಾನ ಖಾಲಸಾ ಮಾಡಿದರು' ಎಂಬ ಮಾತಿದೆ. ಖಾಲಸಾ ಎಂದರೆ ಸರಕಾರದ ವಶ. ಈ ಮಾತಿನಲ್ಲಿ ಮಗನ ಮೇಲೆ ಆರೋಪವಿಲ್ಲ, ನ್ಯಾಯದ ಸೋಗಿಲ್ಲ; ನಡೆದದ್ದೇನೆಂಬುದಷ್ಟೇ ಇದೆ. ಪಠ್ಯಪುಸ್ತಕದವರು ಇನ್ನು 'ಖಾಲಸಾ ನೀತಿ' ಎಂದೇ ಬರೆಯಲಿ. 'ನೀತಿ' ಎಂಬುದನ್ನೂ ಕೈಬಿಟ್ಟರೆ ಮತ್ತಷ್ಟು ಒಳಿತು.