7 ಪ್ರಶ್ನೆಗೆ 'ಹೌದು' ಎಂದರೆ ಬೈಪೋಲಾರ್ ಕಾಯಿಲೆಯೇ?

"13 ಪ್ರಶ್ನೆಗಳಲ್ಲಿ 7ಕ್ಕೆ 'ಹೌದು' ಎಂದರೆ ನಿಮಗೆ ಬೈಪೋಲಾರ್ ಇದೆ." ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ, ಹಂಚುವ ಮೊದಲು ಇದನ್ನು ಓದಿ.

ಬೈಪೋಲಾರ್ ಕಾಯಿಲೆಯಲ್ಲಿ ಕೆಲವು ಕಾಲ ಅತಿಯಾದ ಉತ್ಸಾಹ (ಮೇನಿಯಾ), ಕೆಲವು ಕಾಲ ತೀವ್ರ ಖಿನ್ನತೆ ಕಾಡುತ್ತದೆ. 13 ಪ್ರಶ್ನೆಗಳ 'ಮೂಡ್ ಡಿಸಾರ್ಡರ್ ಕ್ವೆಶ್ಚನೇರ್' 2000ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲೂ 7 'ಹೌದು' ಸಾಲದು. ಲಕ್ಷಣಗಳು ಒಂದೇ ಅವಧಿಯಲ್ಲಿ ಬಂದಿರಬೇಕು, ಬದುಕಿಗೆ ಸಾಕಷ್ಟು ತೊಂದರೆ ಮಾಡಿರಬೇಕು.

ಅನುವಾದ ಮಾಡಿದರೆ ಸಾಕೇ?

ಸಾಲದು. ಯೋಚನೆಗಳು ತಲೆಯಲ್ಲಿ ಓಡುತ್ತವೆಯೇ ಎಂಬುದು ಅದರ ಒಂದು ಪ್ರಶ್ನೆ. ಕನ್ನಡದಲ್ಲಿ 'ತಲೆ ಓಡುತ್ತದೆ' ಎಂದರೆ ಜಾಣತನ! ನಿದ್ದೆ ಕಡಿಮೆಯಾಯಿತೇ ಎಂದು ಕೇಳಿದರೆ, ರಾತ್ರಿ ಮೀನುಗಾರಿಕೆಗೆ ಹೋಗುವ ಮುರ್ಡೇಶ್ವರದ ಮೀನುಗಾರ 'ಹೌದು' ಎಂದಾನು. ಅದು ಕೆಲಸ, ಕಾಯಿಲೆಯಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮನೆಮಾತು ಕೊಂಕಣಿಯೋ ನವಾಯತಿಯೋ ಆಗಿದ್ದವರಿಗೆ ಪುಸ್ತಕದ ಕನ್ನಡವೂ ದೂರವೇ.

ಅದಕ್ಕೇ ಪರೀಕ್ಷೆ ಬೇಕು. ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರು ಇಂಗ್ಲಿಷ್‌ಗೆ ಮರಳಿಸುತ್ತಾರೆ. ಸ್ಥಳೀಯರಿಗೆ ಕೇಳಿ ಅರ್ಥವಾಯಿತೇ ಎಂದು ನೋಡುತ್ತಾರೆ. ಕೊನೆಗೆ, ಅಂಕ ಗೊತ್ತಿಲ್ಲದ ಮನೋವೈದ್ಯರ ಸಂದರ್ಶನದೊಂದಿಗೆ ಉತ್ತರಗಳನ್ನು ಹೋಲಿಸಿ, ನಮ್ಮಲ್ಲಿ ಎಷ್ಟು 'ಹೌದು' ಎಂದರೆ ಎಚ್ಚರಿಕೆ ಎಂದು ನಿರ್ಧರಿಸುತ್ತಾರೆ.

ಕರಾವಳಿಗೆ ಇದು ಹೊಸತಲ್ಲ. ಮುರ್ಡೇಶ್ವರದ ದಕ್ಷಿಣಕ್ಕಿರುವ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ವಿದೇಶಿ ಪ್ರಶ್ನಾವಳಿಗಳು ಸಾಲವೆಂದು ಕಪೂರ್ ತಂಡ ಭಾರತಕ್ಕೆಂದೇ ಬೇರೆ ಸಂದರ್ಶನ ಪಟ್ಟಿ ರೂಪಿಸಿತ್ತು.

ಲೆಕ್ಕ ನೋಡಿ

2000ರ ಅಧ್ಯಯನದಲ್ಲಿ ಈ ಪ್ರಶ್ನಾವಳಿ ಕಾಯಿಲೆ ಇದ್ದವರಲ್ಲಿ 73% ಜನರನ್ನು ಗುರುತಿಸಿತು. ಇಲ್ಲದವರಲ್ಲಿ 90% ಜನರನ್ನು ಸರಿಯಾಗಿ ಬಿಟ್ಟಿತು. ಅದು ಆಸ್ಪತ್ರೆಗೆ ಬಂದ ರೋಗಿಗಳ ಮಾತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜೀವನದಲ್ಲಿ ಎಂದಾದರೂ ಬೈಪೋಲಾರ್ ಬಂದ ವಯಸ್ಕರು 0.5%. ಅಂದರೆ 1000 ಜನರಲ್ಲಿ 5. ಅದೇ ನಿಖರತೆ ಇಲ್ಲೂ ಸಿಕ್ಕಿತೆಂದುಕೊಂಡರೂ, ಆ ಐವರಲ್ಲಿ ಸುಮಾರು 4 ಜನ ಸಿಗುತ್ತಾರೆ. ಕಾಯಿಲೆ ಇಲ್ಲದ ಸುಮಾರು 100 ಜನರಿಗೂ ಹಣೆಪಟ್ಟಿ ಬೀಳುತ್ತದೆ.

ಹಾಗಾದರೆ ಪ್ರಯೋಜನವೇನು?

ಖಿನ್ನತೆಯೆಂದು ಬಂದವರ ಹಿಂದಿನ ಮೇನಿಯಾವನ್ನು ಕೇಳಿ ತಿಳಿಯಲು ಇದು ವೈದ್ಯರಿಗೆ ನೆರವು. ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮೇನಿಯಾ ಕೆರಳಬಹುದು. ಆದರೆ ಇದು ಜರಡಿ ಮಾತ್ರ, ತೀರ್ಪಲ್ಲ. ಅಂಕ ನೋಡಿ ಯಾರಿಗೂ ಕಾಯಿಲೆಯ ಹೆಸರಿಡಬೇಡಿ, ಮಾತ್ರೆ ನಿಲ್ಲಿಸಬೇಡಿ. ಅಂಕ ಕಡಿಮೆ ಬಂದರೂ ತೊಂದರೆ ಇದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಉಚಿತವಾಗಿ ಕರೆ ಮಾಡಬಹುದು. ಫಾರ್ವರ್ಡ್ ಮಾಡುವುದಾದರೆ ಈ ಸಂಖ್ಯೆಯನ್ನು ಮಾಡಿ.