ಸೇಬು ಶನಿವಾರಕ್ಕೊಮ್ಮೆ ಬೆಳೆಯೋದಿಲ್ಲ

ಮಾಗಡಿ ರೋಡಲ್ಲಿ ತಾವರೆಕೆರೆ ದಾಟಿ ಹೊರಟರೆ ಒಂದರ ಹಿಂದೊಂದು ಬೋರ್ಡು ಸಿಗುತ್ತವೆ. ಹತ್ತು ಗುಂಟೆ ಜಾಗ, ತಂತಿ ಬೇಲಿ, ಡ್ರಿಪ್ಪು, ಮೂಲೆಯಲ್ಲೊಂದು ಪುಟಾಣಿ ಮನೆ, ಬುಟ್ಟಿ ಹಿಡಿದು ನಗುವ ಮಗು. ಬುಟ್ಟಿಯಲ್ಲಿ ಕೆಂಪು ಸೇಬು. ತೋಟ ನಿಮ್ಮದು, ಕೆಲಸ ನಮ್ಮದು, ವೀಕೆಂಡ್ ಬಂದು ಕಿತ್ಕೊಂಡು ಹೋಗಿ ಅನ್ನೋದು ಅದರ ಸಾರಾಂಶ. ವಿಜಯನಗರದ ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿ, ಬಾಲ್ಕನಿಯ ಮೂರು ಕುಂಡಕ್ಕೆ ನೀರು ಹಾಕೋದನ್ನೂ ಮರೆಯುವ ನಮ್ಮಂಥವರಿಗೆ ಇನ್ನೇನು ಬೇಕು ಹೇಳಿ?

ನಮ್ಮ ಭಾವ ಬಿದ್ದರು. ಮೂರು ವರ್ಷದ ಹಿಂದೆ ಹತ್ತು ಗುಂಟೆ ತಗೊಂಡ್ರು, ನಲವತ್ತು ಸೇಬಿನ ಗಿಡ ಹಾಕಿಸಿದ್ರು. ಇಎಂಐ ತಿಂಗಳು ತಪ್ಪದೆ ಹೋಗ್ತಿದೆ. ಇವತ್ತಿನವರೆಗೆ ಬಂದ ಸೇಬು ಏಳು. ಅದರಲ್ಲಿ ಎರಡು ಗಿಳಿ ತಿಂದಿದ್ದು.

ಇದನ್ನ ಕೇಳಿದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು: "ಬೆಂಗಳೂರಲ್ಲಿ ಸೇಬು ಬೆಳೆಯುತ್ತೇನ್ರೀ?" ಬೆಳೆಯುತ್ತೆ. ನನ್ನ ತಕರಾರು ಅದರ ಮೇಲಲ್ಲ. 1800ರಲ್ಲಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಲ್ಲಿ ಟಿಪ್ಪುವಿನ ತೋಟಗಳನ್ನು ನೋಡಿ, ಇಲ್ಲಿ ಸೇಬು, ಪೀಚ್ ಎರಡೂ ಹಣ್ಣು ಬಿಡುತ್ತವೆ ಅಂತ ಬರೆದಿಟ್ಟು ಹೋಗಿದ್ದಾನೆ. ಆದರೆ ಆ ತೋಟ ಸುಲ್ತಾನನದ್ದು. ದಿನಾ ಮಣ್ಣಲ್ಲಿ ಕೈಯಿಟ್ಟು ನಿಲ್ಲೋಕೆ ಆಳುಗಳಿದ್ದರು. ಬೋರ್ಡಿನ ಮೇಲೆ ಬರೆಯದೆ ಬಿಡುವ ವಿಷಯ ಇದೇ.

ಸೇಬಿನ ಮರಕ್ಕೆ ನಿದ್ದೆ ಬೇಕು. ಕಾಶ್ಮೀರ, ಹಿಮಾಚಲದಲ್ಲಿ ಚಳಿ ಬಂದಾಗ ಅದು ಎಲೆ ಉದುರಿಸಿ ಮಲಗುತ್ತೆ. ಸಾಕಷ್ಟು ಚಳಿ ಸಿಕ್ಕಿದ ಮೇಲೆ ಎಲ್ಲ ಮೊಗ್ಗೂ ಒಟ್ಟಿಗೆ ಎದ್ದು ಹೂ ಬಿಡುತ್ತೆ. ಈ ಚಳಿಯನ್ನು ಗಂಟೆಗಳಲ್ಲಿ ಲೆಕ್ಕ ಹಾಕ್ತಾರೆ. ಸಾಮಾನ್ಯ ಲೆಕ್ಕದಲ್ಲಿ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಗಂಟೆಗಳು ಮಾತ್ರ ಸೇರುತ್ತವೆ. ಅಂಗಡಿಯಲ್ಲಿ ನಾವು ಕೊಳ್ಳೋ ಡೆಲಿಷಿಯಸ್ ಥರದ ತಳಿಗೆ 800ರಿಂದ 1,000 ಗಂಟೆ ಬೇಕು. ಕಡಿಮೆ ಚಳಿ ಸಾಕು ಅನ್ನೋ ಇಸ್ರೇಲಿನ ಅನ್ನಾ ತಳಿಗೂ 200ರಿಂದ 300 ಗಂಟೆ ಬೇಕು ಅಂತಾರೆ.

ಈಗ ನಮ್ಮೂರಿನ ಲೆಕ್ಕ ನೋಡಿ. ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ಅಂದರೆ ದಾಖಲೆಯ ಚಳಿ ಬಿದ್ದ ಆ ರಾತ್ರಿಯೂ ಈ ಲೆಕ್ಕದಲ್ಲಿ ಸೇಬಿಗೆ ಒಂದು ಗಂಟೆಯ ಚಳಿ ಸಿಗಲಿಲ್ಲ. ನಾವು ಡಿಸೆಂಬರಲ್ಲಿ ಸ್ವೆಟರ್ ಹಾಕ್ಕೊಂಡು ಬಸವೇಶ್ವರನಗರದ ಪಾರ್ಕಲ್ಲಿ ವಾಕ್ ಮಾಡ್ತಾ "ಏನ್ ಚಳಿ ಮಾರಾಯ" ಅಂತೀವಲ್ಲ, ಸೇಬಿಗೆ ಅದು ಬೇಸಿಗೆ.

ಹಾಗಾದ್ರೆ ಹಣ್ಣು ಬರೋದು ಹೇಗೆ? ಉತ್ತರ ಇಂಡೋನೇಷ್ಯಾದಲ್ಲಿದೆ. ಪೂರ್ವ ಜಾವಾದ ಬಾಟು ಅನ್ನೋ ಊರು ಹೆಚ್ಚುಕಮ್ಮಿ ನಮ್ಮಷ್ಟೇ ಎತ್ತರದಲ್ಲಿದೆ, ಸಮಭಾಜಕ ವೃತ್ತಕ್ಕೆ ನಮಗಿಂತ ಹತ್ತಿರ. ಅಲ್ಲಿ ಚಳಿಗಾಲ ಅನ್ನೋದೇ ಇಲ್ಲ. ಆದರೂ ಡಚ್ಚರ ಕಾಲದಲ್ಲಿ ಬಂದ ರೋಮ್ ಬ್ಯೂಟಿ ಸೇಬನ್ನು ಅಲ್ಲಿನ ರೈತರು ವರ್ಷಕ್ಕೆ ಎರಡು ಬೆಳೆ ತೆಗೆದರು. ಕೊಯ್ಲಾದ ಸುಮಾರು ತಿಂಗಳಿಗೆ ಇಡೀ ಮರದ ಎಲೆಗಳನ್ನು ಕೈಯಲ್ಲೇ ಕೀಳ್ತಾರೆ. ರೆಂಬೆಗಳನ್ನು ಬಗ್ಗಿಸಿ ಕಟ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರೋ ಮುಂಚೆಯೇ ಎಬ್ಬಿಸ್ತಾರೆ.

ನಮ್ಮ ರೈತರಿಗೂ ಇದು ಹೊಸದಲ್ಲ. ಚಿತ್ರದುರ್ಗದ ದಾಳಿಂಬೆ ಬೆಳೆಗಾರರನ್ನು ಕೇಳಿ. ನೀರು ನಿಲ್ಲಿಸಿ, ಗಿಡ ಬಾಡಿಸಿ, ಎಲೆ ಉದುರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಒಂದೇ ಸಲಕ್ಕೆ ಹೂ ಬಿಡಿಸೋದು ಅವರಿಗೆ ಗೊತ್ತು. ಚಳಿಗಾಲ ತಾನಾಗಿ ಬರದ ಕಡೆ ಅದನ್ನು ಮನುಷ್ಯ ಕೈಯಾರೆ ಮಾಡಬೇಕು. ನನ್ನ ಪ್ರಶ್ನೆ ಇರೋದು ಇಲ್ಲೇ. ಮಾಡೋರು ಯಾರು?

ಭಾವನ ತೋಟದಲ್ಲಿ ನಲವತ್ತು ಗಿಡಕ್ಕೂ ಎಲೆ ಬಿಡಿಸೋಕೆ ಇಬ್ಬರಿಗೆ ಎರಡು ದಿನ ಹಿಡಿಯಿತು. ಎಲೆ ಕೀಳುವಾಗ ಬುಡದ ಮೊಗ್ಗು ಕಿತ್ತು ಬಂದ್ರೆ ಆ ವರ್ಷದ ಹೂ ಹೋಯ್ತು. ನೀರು ಯಾವತ್ತು ನಿಲ್ಲಿಸಬೇಕು, ಯಾವತ್ತು ಬಿಡಬೇಕು ಅಂತ ಮಳೆ ನೋಡಿ ತೀರ್ಮಾನಿಸಬೇಕು. ಇದನ್ನ ಮೊದಲೆರಡು ವರ್ಷ ಯಾರೂ ಮಾಡಿರಲಿಲ್ಲ. ಏನಾಯ್ತು? ರೆಂಬೆಗಳು ಕೋಲಿನ ಹಾಗೆ ಉದ್ದಕ್ಕೆ ಬೋಳಾಗಿ ಬೆಳೆದವು, ತುದಿಯಲ್ಲಿ ಮಾತ್ರ ಒಂದು ಗೊಂಚಲು ಎಲೆ. ಒಂದು ಗಿಡ ಜನವರಿಯಲ್ಲಿ ಹೂ ಬಿಟ್ಟರೆ ಪಕ್ಕದ್ದು ಮಾರ್ಚಲ್ಲಿ. ಅನ್ನಾಗೆ ಪರಾಗ ಕೊಡಲಿ ಅಂತ ಡಾರ್ಸೆಟ್ ಗೋಲ್ಡನ್ ತಳಿಯನ್ನು ಜೊತೆಗೆ ನೆಡ್ತಾರೆ. ಎರಡೂ ಒಟ್ಟಿಗೆ ಹೂ ಬಿಡದಿದ್ರೆ ಜೇನುನೊಣ ತಾನೇ ಏನು ಮಾಡುತ್ತೆ?

ಕಚ್ಚಿದ ಕಾಯಿಗೂ ನೆಮ್ಮದಿಯಿಲ್ಲ. ಏಪ್ರಿಲ್-ಮೇನಲ್ಲಿ ಆಲಿಕಲ್ಲು ಮಳೆ. ಹಣ್ಣು ಬಲಿಯೋ ಹೊತ್ತಿಗೆ ಹಣ್ಣುನೊಣ, ಗಿಳಿ, ಬಾವಲಿ. ರಾತ್ರಿ ತಂಪಿಲ್ಲದ ಕಡೆ ಬಣ್ಣವೂ ಸರಿಯಾಗಿ ಏರೋದಿಲ್ಲ. ಭಾವನಿಗೆ ಸಿಕ್ಕಿದ ಐದು ಹಣ್ಣು ಹಳದಿ ಮೈಗೆ ಕೆಂಪು ಗೀಟು ಎಳೆದ ಹಾಗಿದ್ದವು. ರುಚಿ ಚೆನ್ನಾಗೇ ಇತ್ತು. ನಾಲ್ಕು ದಿನಕ್ಕೆ ಮೆತ್ತಗಾದವು.

"ಹಿಮಾಚಲದ ಆ ರೈತರ ತಳಿ ಇದೆಯಲ್ಲ?" ಅಂತ ನೀವು ಕೇಳ್ತೀರಿ. ಇದೆ. ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮಾ, ಹಿತ್ತಲಲ್ಲಿ ಎಸೆದ ಬೀಜದಿಂದ ಎದ್ದ ಗಿಡವನ್ನು ಸಾಕಿ, ಕಸಿ ಮಾಡಿ, ಸುಮಾರು 1,800 ಅಡಿ ಎತ್ತರದ ಸೆಕೆಯೂರಲ್ಲಿ ಸೇಬು ಬೆಳೆದು ತೋರಿಸಿದರು. ಅದೇ ಎಚ್‌ಆರ್‌ಎಂಎನ್-99. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಬರಲೇಬೇಕಿತ್ತು. ಆದರೆ 40 ಡಿಗ್ರಿ ಬಿಸಿಲು ತಡೆಯುತ್ತೆ ಅಂತ ರೀಲ್‌ನಲ್ಲಿ ಹೇಳೋರು, ಬಿಲಾಸ್‌ಪುರದಲ್ಲಿ ಜನವರಿ ರಾತ್ರಿಗಳು 7 ಡಿಗ್ರಿಗಿಂತ ಕೆಳಗಿಳಿಯುತ್ತವೆ ಅಂತ ಹೇಳೋದಿಲ್ಲ. ಬಿಸಿಲು ತಡೆಯೋದು ಒಂದು ಗುಣ, ಚಳಿಯಿಲ್ಲದೆ ಏಳೋದು ಇನ್ನೊಂದು. ಕರ್ನಾಟಕದಲ್ಲೂ ಕೆಲವು ರೈತರು ಈ ತಳಿಗಳಿಂದ ಹಣ್ಣು ತೆಗೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಅವರು ತೋಟದಲ್ಲಿ ಇರುವವರು. ಹರಿಮನ್ ಶರ್ಮಾ ಅವರ ಕಥೆಯೂ ಅದೇ. ಹಿತ್ತಲಲ್ಲಿ ದಿನಾ ಕಣ್ಣಿಟ್ಟಿದ್ದಕ್ಕೆ ಗಿಡ ಕಂಡಿತು.

ಕೆಂಗೇರಿ ಉಪನಗರದಲ್ಲಿ ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ಮನೆ ಮುಂದೆ ಎರಡು ಸೇಬಿನ ಗಿಡ ಹಾಕಿದ್ದಾರೆ. ಹೋದ ವರ್ಷ ಬುಟ್ಟಿ ತುಂಬ ಹಣ್ಣು. ಗುಟ್ಟೇನು ಸಾರ್ ಅಂದ್ರೆ, "ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಬಂದು ನಿಂತ್ಕೋತೀನಿ ಕಣಯ್ಯಾ, ಅಷ್ಟೇ" ಅಂದರು. ಹುಳ ಬಂದ ದಿನವೇ ಕಾಣುತ್ತೆ. ಮೊಗ್ಗು ಉಬ್ಬಿದ ದಿನವೇ ಕಾಣುತ್ತೆ. ನಾವು ಹದಿನೈದು ದಿನಕ್ಕೊಮ್ಮೆ, ಅದೂ ಮಳೆ ಬರದಿದ್ದರೆ, ಟ್ರಾಫಿಕ್ ಕಮ್ಮಿಯಿದ್ದರೆ ಹೋಗಿ, ಫೋಟೋ ತೆಗೆದು, ಬಿರಿಯಾನಿ ತಿಂದು ವಾಪಸ್ ಬರೋರು.

ಹಾಗಾಗಿ ನಮ್ಮ ಬದಲು ಅಲ್ಲಿ ಇನ್ನೊಬ್ಬರು ನಿಲ್ಲಬೇಕು. ನಮ್ಮ ಭಾವನ ಹತ್ತು ಗುಂಟೆ ನೋಡಿಕೊಳ್ಳೋರು ಅರವತ್ತು ದಾಟಿದ ಒಬ್ಬ ಅಜ್ಜ. ಜೊತೆಗೆ ಅಕ್ಕಪಕ್ಕದ ಹನ್ನೆರಡು ಪ್ಲಾಟಿಗೂ ಅವರೇ. ಸಂಬಳ ಕೇಳಿದ್ರೆ ನಮ್ಮಲ್ಲಿ ಕೆಲವರ ತಿಂಗಳ ಸ್ವಿಗ್ಗಿ ಬಿಲ್ಲಿಗಿಂತ ಕಮ್ಮಿ. ಆ ಜಮೀನು ಮೊದಲು ಅವರ ದಾಯಾದಿಗಳದ್ದೇ. ಅಲ್ಲಿ ರಾಗಿ ಹಾಕ್ತಿದ್ರು, ಸಾಲಲ್ಲಿ ಅವರೆ ಹಾಕ್ತಿದ್ರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದ ನಾವೂ ಜಮೀನು ಕೊಳ್ಳಬಹುದಾಯಿತು. ಕೊಂಡೆವು. ಕೊಂಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ರಾಗಿ ಬೆಳೆಯೋದು ಗೊತ್ತಿದ್ದವರ ಕೈಗೆ, ಅವರು ಕಂಡು ಕೇಳದ ಬೆಳೆ ಕೊಟ್ಟು, ತರಬೇತಿ ಕೊಡದೆ, ಕೂಲಿ ಕೊಡದೆ, "ಯಾಕೆ ಹಣ್ಣು ಬಂದಿಲ್ಲ?" ಅಂತ ಗದರಿಸೋದು ತಪ್ಪು.

ಅಜ್ಜ ಒಮ್ಮೆ ಭಾವನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಸಾಮಿ, ಈ ಗಿಡಕ್ಕೆ ನೀರ್ ಬುಟ್ರೂ ಬಯ್ತೀರಿ, ನಿಲ್ಸುದ್ರೂ ಬಯ್ತೀರಿ. ಏನ್ ಮಾಡ್ಬೇಕು ಅಂತ ಒಬ್ರಾದ್ರೂ ಬಂದ್ ತೋರ್ಸಿ." ಕಂಪನಿಯವರು ಮೂರು ವರ್ಷದಲ್ಲಿ ಬಂದು ತೋರಿಸಲಿಲ್ಲ. ಕೊನೆಗೆ ಹೋದ ಡಿಸೆಂಬರಲ್ಲಿ ಭಾವ ಎರಡು ದಿನ ರಜೆ ಹಾಕಿ, ಅಜ್ಜನ ಜೊತೆ ಕೂತು ಎಲೆ ಬಿಡಿಸಿದರು. ಆ ಏಳು ಹಣ್ಣು ಬಂದಿದ್ದು ಅದಾದ ಮೇಲೆ.

ಸೇಬಿನ ಆಸೆ ಇದ್ದರೆ ಎರಡು ಗಿಡ ಹಾಕಿ, ನೀವಿರುವ ಕಡೆ ಹಾಕಿ. ವೀಕೆಂಡ್ ತೋಟವೇ ಬೇಕು ಅಂದ್ರೆ ಸೀಬೆ, ಸಪೋಟ, ಸೀತಾಫಲ ಹಾಕಿ. ಅವು ಈ ಮಣ್ಣು, ಈ ಬಿಸಿಲಿಗೆ ಒಗ್ಗಿದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಸಹನ್ ಸೀತಾಫಲ, ಅರ್ಕಾ ಕಿರಣ್ ಸೀಬೆಯಂಥ ತಳಿಗಳನ್ನೂ ಕೊಟ್ಟಿದೆ. ನಮ್ಮ ಗೈರುಹಾಜರಿಯನ್ನು ಸೇಬಿಗಿಂತ ಅವು ಚೆನ್ನಾಗಿ ಸಹಿಸುತ್ತವೆ. ಇನ್‌ಸ್ಟಾಗ್ರಾಮಲ್ಲಿ ಸೀಬೆಗೆ ಲೈಕ್ ಕಮ್ಮಿ, ಅಷ್ಟೇ.

ಇಷ್ಟಾದ ಮೇಲೂ ಸೇಬಿನ ತೋಟಕ್ಕೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದರೆ, ಸೇಲ್ಸ್ ಹುಡುಗನಿಗೆ ಕೇಳಿ: ಡಿಸೆಂಬರಲ್ಲಿ ಎಲೆ ಕೀಳೋದು ಯಾರು? "ನಮ್ಮ ಟೀಮ್ ಇದೆ ಸಾರ್" ಅಂತಾನೆ. ಅವರ ಹೆಸರೇನು, ದಿನದ ಕೂಲಿ ಎಷ್ಟು ಅಂತ ಕೇಳಿ. ಉತ್ತರ ಬರೋವರೆಗೂ ಚೆಕ್ ಬುಕ್ ಜೇಬಲ್ಲೇ ಇರಲಿ.